ಗಾಳಿ, ಬೇಸಗೆ ಮತ್ತು ಪೈಪು: ನಾನು ರೂಢಿಸಿಕೊಂಡ ಕ್ರಮ

ಬೇಸಗೆ ಬಂತೆಂದರೆ ಪೈಪ್ ಸೇದುವವರ ದೂರು ಶುರುವಾಗುತ್ತದೆ. ನಾಲಿಗೆ ಉರಿಯುತ್ತೆ, ಸೊಪ್ಪು ತುಂಬುವ ಬೌಲ್ ಕೈಯಲ್ಲಿ ಹಿಡಿಯೋಕಾಗಲ್ಲ, ಇದೇ ಹೊಗೆಸೊಪ್ಪು ಡಿಸೆಂಬರಿನಲ್ಲಿ ಎಷ್ಟು ಚೆನ್ನಾಗಿತ್ತು ಅಂತ. ತಪ್ಪನ್ನೆಲ್ಲ ಬಿಸಿಲಿನ ತಲೆಗೆ ಕಟ್ಟುತ್ತಾರೆ. ನನ್ನ ಅನುಭವದಲ್ಲಿ ಬಿಸಿಲಿನ ಪಾಲು ಕಡಿಮೆ. ಬೌಲಿನೊಳಗಿನ ಕೆಂಡ ಸುಮಾರು ನಾನೂರು ಡಿಗ್ರಿ ಸೆಲ್ಸಿಯಸ್ಸಿನಿಂದ ಮೇಲಕ್ಕಿರುತ್ತದೆ. ಹೊರಗೆ 28 ಡಿಗ್ರಿ ಇದ್ದರೇನು, 40 ಇದ್ದರೇನು, ಆ ಕೆಂಡಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಕೆಡಿಸುವುದು ಸೆಕೆ ತಾಳಲಾರದೆ ನಾವು ಹಾಕಿಕೊಳ್ಳುವ ಫ್ಯಾನು, ಹುಡುಕಿಕೊಂಡು ಹೋಗಿ ಕೂರುವ ಗಾಳಿಯ ಜಾಗ. ಅದರ ಹಿಂದೆಯೇ ಒಣಗಿದ ಸೊಪ್ಪು ಮತ್ತು ಒಣಗಿದ ಬಾಯಿ.

ಗಾಳಿ ಮಾಡುವ ಕೆಲಸ ಕಮ್ಮಾರನ ತಿದಿಯದು. ಪೈಪಿನಲ್ಲಿ ಕೆಂಡ ಎಷ್ಟು ಉರಿಯಬೇಕು ಅನ್ನುವುದನ್ನು ನಮ್ಮ ಉಸಿರು ನಿರ್ಧರಿಸಬೇಕು. ಎಳೆದಾಗ ಕೆಂಪಾಗಿ, ಬಿಟ್ಟಾಗ ಮಂಕಾಗಿ, ಎರಡು ಎಳೆತದ ನಡುವೆ ಬೌಲ್ ತಣಿಯಬೇಕು. ಗಾಳಿ ಬೌಲಿನ ಬಾಯಿಗೆ ಬಡಿಯುತ್ತಿದ್ದರೆ ಆ ನಡುವಿನ ಬಿಡುವೇ ಇರುವುದಿಲ್ಲ. ನಾವು ಎಳೆಯದಿದ್ದರೂ ಆಮ್ಲಜನಕ ಕೆಂಡಕ್ಕೆ ಸಿಗುತ್ತಲೇ ಇರುತ್ತದೆ. 20 ಮಿಲಿಮೀಟರ್ ಅಗಲ, 40 ಮಿಲಿಮೀಟರ್ ಆಳದ ಬೌಲು ನಿಶ್ಚಲ ಗಾಳಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಡೆಯುತ್ತದೆ. ಅದೇ ಬೌಲು ಫ್ಯಾನಿನ ಕೆಳಗೆ ಅರ್ಧ ಗಂಟೆಯೊಳಗೆ ಮುಗಿಯುವುದುಂಟು.

ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ, ಅದರ ಬಗ್ಗೆ ಮಾತಾಡುವವರೂ ಕಡಿಮೆ. ಪೈಪಿನ ರುಚಿಯ ದೊಡ್ಡ ಪಾಲು ಬರುವುದು ಮೂಗಿನಿಂದ, ಬೌಲಿನಿಂದ ತೆಳ್ಳಗೆ ಏಳುವ ಹೊಗೆಯಿಂದ. ಗಾಳಿ ಅದನ್ನು ಮುಖದ ಹತ್ತಿರ ನಿಲ್ಲಗೊಡುವುದಿಲ್ಲ. ಹೊಗೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ. ಪೈಪ್ ಆರಿಹೋಯಿತೇನೋ ಎಂದು ಸೇದುವವರು ಜೋರಾಗಿ ಎಳೆಯುತ್ತಾರೆ. ಕೆಂಡ ಮೊದಲೇ ಕೆರಳಿರುತ್ತದೆ, ಈ ಎಳೆತ ಅದಕ್ಕೆ ಇನ್ನಷ್ಟು ಕಾವು ಕೊಡುತ್ತದೆ. ನಾಲಿಗೆ ಸುಡುವುದು ಹೆಚ್ಚಾಗಿ ಹೀಗೆ: ಸೊಪ್ಪಿನ ತೇವ ಆವಿಯಾಗಿ ಹೊಗೆಯ ಜೊತೆ ಬಂದು ನಾಲಿಗೆಯ ತುದಿಗೆ ತಾಗುತ್ತದೆ. ಗಾಳಿಯಲ್ಲಿ ಕೂತಾಗ ಹೊಗೆ ಎಷ್ಟು ಬರುತ್ತಿದೆ ಎಂದು ನೋಡುವುದನ್ನು ಬಿಟ್ಟುಬಿಡಬೇಕು. ಬೌಲಿನ ಹೊರಮೈಗೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಉರಿಯುತ್ತಿದೆ ಎಂದರ್ಥ, ಅಷ್ಟು ಸಾಕು.

ಫ್ಯಾನಿನ ಕೆಳಗೆ ಸೇದಿದ ಪೈಪಿನ ಬಾಯಿಯನ್ನು ಬೆಳಕಿಗೆ ಹಿಡಿದರೆ ಎಲ್ಲ ಗೊತ್ತಾಗುತ್ತದೆ. ಕೆಂಡ ಇಡೀ ವೃತ್ತಕ್ಕೆ ಹರಡಿರುವುದಿಲ್ಲ. ಒಂದು ಬದಿಯಲ್ಲಿ ಅರ್ಧಚಂದ್ರದಂತೆ ಹಳದಿ ಬೆರೆತ ಕೆಂಪು, ಎದುರು ಬದಿಯಲ್ಲಿ ಸುಡದ ಕಂದು ಎಳೆಗಳು. ಕೆಂಪಿರುವ ಕಡೆ ಬೂದಿ ನಿಲ್ಲುವುದೇ ಇಲ್ಲ, ಹಾರಿಹೋಗಿ ಕೆಂಡ ಬೆತ್ತಲಾಗಿರುತ್ತದೆ. ಅದೇ ಜಾಗದಲ್ಲಿ ಅಂಚಿನ ಮರ ಕರಿಯಾಗುತ್ತಾ ಒಳಗೋಡೆಯ ಇಂಗಾಲದ ಪದರ ಬಿರುಕು ಬಿಡುತ್ತದೆ. ಇದು ಮತ್ತೆ ಮತ್ತೆ ಆದರೆ ಮರವೇ ಸುಟ್ಟು ಗುಳಿ ಬೀಳುತ್ತದೆ. ಬೌಲಿನ ಹೊರಮೈಯಲ್ಲಿ ಒಂದೇ ಜಾಗ ಬೇರೆಲ್ಲಕ್ಕಿಂತ ಬಿಸಿ ಅನ್ನಿಸಿದರೆ ಆ ಕ್ಷಣವೇ ನಿಲ್ಲಿಸಬೇಕು, ಕೊನೆಯವರೆಗೆ ಸೇದಿಬಿಡೋಣ ಎನ್ನಬಾರದು.

ಕೂರುವ ಜಾಗ ಆರಿಸಲು ನಾನು ಊದುಬತ್ತಿ ಹಚ್ಚುತ್ತೇನೆ. ಅದರ ಹೊಗೆ ಒಂದು ಗೇಣಾದರೂ ನೆಟ್ಟಗೆ ಏರಿ ಆಮೇಲೆ ಸುರುಳಿಯಾದರೆ ಆ ಜಾಗ ಪೈಪಿಗೆ ಸರಿ. ಬತ್ತಿಯ ತುದಿಯಲ್ಲೇ ಹೊಗೆ ಮಲಗಿಬಿಟ್ಟರೆ ಕುರ್ಚಿ ಸರಿಸಬೇಕು. ಸೀಲಿಂಗ್ ಫ್ಯಾನ್ ಗಾಳಿಯನ್ನು ನೇರ ಕೆಳಕ್ಕೆ ದೂಡುವುದರಿಂದ ಅದು ಬೌಲಿನ ಬಾಯಿಗೇ ಇಳಿಯುತ್ತದೆ; ಕಡಿಮೆ ವೇಗದಲ್ಲಿಟ್ಟರೂ ಅದರ ನೇರ ಕೆಳಗೆ ಕೂರಬಾರದು. ಗಾಳಿ ಬೇಕೇ ಬೇಕೆಂದರೆ ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಕಾಲಿನ ಕಡೆಗೆ ತಿರುಗಿಸಿ. ಮೈ ತಣ್ಣಗಾಗುತ್ತದೆ, ಪೈಪಿಗೆ ತೊಂದರೆಯಿಲ್ಲ.

ಹೊರಗೆ ಕೂರುವುದಾದರೆ ಮರದ ಎಲೆ ನೋಡಿದರೆ ಸಾಕು. ಎಲೆ ಸರಸರ ಅನ್ನುವಷ್ಟು ಗಾಳಿ, ಅಂದರೆ ಗಂಟೆಗೆ 6ರಿಂದ 11 ಕಿಲೋಮೀಟರ್, ಬೌಲಿನ ಬಾಯಿಗೆ ಹಾಕುವ ರಂಧ್ರಗಳ ಮುಚ್ಚಳ, ವಿಂಡ್ ಕ್ಯಾಪ್, ಹಾಕಿಕೊಂಡರೆ ನಡೆಯುತ್ತದೆ. ಎಲೆಯ ಜೊತೆ ಸಣ್ಣ ಕಡ್ಡಿಗಳೂ ನಿಲ್ಲದೆ ಅಲ್ಲಾಡುತ್ತಿದ್ದರೆ ಅದು 12ರಿಂದ 19. ಗೋಡೆಯ ಮರೆ ಇಲ್ಲದೆ ಆಗದು. ಧೂಳು, ಕಾಗದದ ಚೂರು ಮೇಲೇಳುತ್ತಿದ್ದರೆ 20 ದಾಟಿದೆ, ಪೈಪನ್ನು ಚೀಲದಲ್ಲೇ ಬಿಡಿ. ಕರಾವಳಿಯಲ್ಲಿ ಬೇಸಗೆಯ ಹಗಲು ಕಡಲ ಗಾಳಿಯದು, ರಾತ್ರಿ ಕಳೆದಂತೆ ನೆಲದ ಗಾಳಿ. ಒಂದು ನಿಂತು ಇನ್ನೊಂದು ಏಳುವ ಮುಂಚಿನ ಸ್ತಬ್ಧ ಹೊತ್ತು ಎಷ್ಟೇ ಬೆವರಿದರೂ ಪೈಪಿಗೆ ಶ್ರೇಷ್ಠ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ 40 ದಾಟುವ ದಿನಗಳಲ್ಲಿ ಬೆಳಗಿನ ಏಳರೊಳಗೆ ಸೇದುವುದು ಒಳ್ಳೆಯದು. ಗಾಳಿಯಂತ್ರಗಳ ಚಿತ್ರದುರ್ಗ, ಗದಗದ ಬಯಲಿನಲ್ಲಿ ಜೂನ್‌ನಿಂದ ಆಗಸ್ಟಿನವರೆಗೆ ಹೊರಗೆ ಸೇದುವ ಯೋಚನೆಯೇ ಬೇಡ.

ಗಾಳಿಗೆ ಸೊಪ್ಪು ತುಂಬುವ ಕ್ರಮವೇ ಬೇರೆ. ಸಾಮಾನ್ಯವಾಗಿ ಅಂಚಿನಿಂದ 2–3 ಮಿಲಿಮೀಟರ್ ಕೆಳಗಿನವರೆಗೆ ತುಂಬುತ್ತೇವೆ. ಗಾಳಿಯ ದಿನ ನಾನು 6–7 ಮಿಲಿಮೀಟರ್ ಬಿಡುತ್ತೇನೆ. ಕೆಂಡ ಅಷ್ಟು ಒಳಗೆ ಕೂತರೆ ಬೌಲಿನ ಗೋಡೆಯೇ ಅದಕ್ಕೆ ಮರೆ. ಒತ್ತಿ ತೆಳು ಪಟ್ಟಿಗಳಾಗಿ ಕತ್ತರಿಸಿದ ಫ್ಲೇಕ್ ಸೊಪ್ಪಾದರೆ ಉಜ್ಜಿ ಬಿಡಿಸದೆ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ ಹಾಗೆಯೇ ಇಳಿಸಿ, ಮೇಲೆ ಮಾತ್ರ ಒಂದು ಚಿಟಿಕೆ ಉಜ್ಜಿದ ಪುಡಿ ಉದುರಿಸುತ್ತೇನೆ, ಬೆಂಕಿ ಹಿಡಿಯಲೆಂದು. ಮಡಚಿದ ಪಟ್ಟಿಯಲ್ಲಿ ಎಳೆಗಳ ನಡುವೆ ಗಾಳಿಗೆ ದಾರಿ ಕಡಿಮೆ, ಉರಿ ನಿಧಾನ. ಎಳೆಎಳೆಯಾಗಿ ಕತ್ತರಿಸಿದ ರಿಬ್ಬನ್ ಕಟ್ ಆದರೆ ತಳ ಸಡಿಲ, ನಡು ಹದ, ಮೇಲಿನ ಪದರ ಮಾತ್ರ ಮಾಮೂಲಿಗಿಂತ ಸ್ವಲ್ಪ ಬಿಗಿ. ಕಡ್ಡಿ ಗೀರುವ ಮುಂಚೆ ಖಾಲಿ ಎಳೆದು ನೋಡಬೇಕು. ಕೆನ್ನೆ ಒಳಕ್ಕೆ ಹೋಗುವಷ್ಟು ಬಿಗಿಯಿದ್ದರೆ ಹೊರಗೆ ತೆಗೆದು ಮತ್ತೆ ತುಂಬಿ. ಗಾಳಿಗೆ ಹೆದರಿ ಪೂರ್ತಿ ಬಿಗಿಯಾಗಿ ತುಂಬಿದರೆ ಜೋರಾಗಿ ಎಳೆಯಬೇಕಾಗುತ್ತದೆ, ಬೌಲಿನಿಂದ ಹೊರಡುವ ಕೊಳವೆಯಲ್ಲಿ, ಅಂದರೆ ಶ್ಯಾಂಕಿನಲ್ಲಿ, ನೀರು ಕಟ್ಟಿ ಗುಳುಗುಳು ಸದ್ದು ಬರುತ್ತದೆ, ಕೊನೆಗೆ ಅದೇ ಬಿಸಿ.

ಹಚ್ಚುವಾಗ ಬೆನ್ನು ಗಾಳಿಗೆ, ಪೈಪು ಎದೆಯ ಹತ್ತಿರ, ಎರಡೂ ಅಂಗೈ ಬೌಲಿನ ಸುತ್ತ. ಕಡ್ಡಿಯಾದರೆ ತಲೆಯ ಮದ್ದು ಪೂರ್ತಿ ಉರಿದು ಮರಕ್ಕೆ ಬೆಂಕಿ ಬಂದ ಮೇಲೆ ಒಯ್ಯಿರಿ. ಗಾಳಿಗೆ ಆರುವುದಿಲ್ಲ ಎಂದು ಕೆಲವರು ಜೆಟ್ ಲೈಟರ್ ಬಳಸುತ್ತಾರೆ. ಬೇಡ. ಅದರ ಚೂಪು ಜ್ವಾಲೆ ಸೊಪ್ಪನ್ನು ದಾಟಿ ಬೌಲಿನ ಅಂಚನ್ನು ಸುಡುತ್ತದೆ, ಪೈಪ್ ಮಾಡುವ ಬ್ರಯರ್ ಮರ ಒಮ್ಮೆ ಕರಕಾದರೆ ಮೊದಲಿನಂತಾಗುವುದಿಲ್ಲ. ಮೆತ್ತಗಿನ ಹಳದಿ ಜ್ವಾಲೆಯ, ಜ್ವಾಲೆ ಪಕ್ಕಕ್ಕೆ ಬರುವ ಪೈಪ್ ಲೈಟರೇ ಸರಿ. ಮೊದಲ ಸಲ ಹಚ್ಚಿದಾಗ ಸೊಪ್ಪು ಉಬ್ಬಿ ಮೇಲೇಳುತ್ತದೆ; ಸೊಪ್ಪು ಒತ್ತುವ ಸಾಧನವಾದ ಟ್ಯಾಂಪರಿನ ತೂಕದಷ್ಟೇ ಒತ್ತಿ ಸಮ ಮಾಡಿ ಎರಡನೇ ಸಲ ಹಚ್ಚಬೇಕು. ಈ ಎರಡನೆಯದನ್ನು ಒಳಗೆ, ಗಾಳಿ ಇಲ್ಲದ ಕಡೆ ಮಾಡಿ, ಮೇಲೆ ಬೂದಿಯ ತೆಳು ಹೊದಿಕೆ ಕೂತ ಮೇಲೆ ಹೊರಗೆ ಬನ್ನಿ. ಆ ಬೂದಿಯನ್ನು ಚೆಲ್ಲಬಾರದು. ಗಾಳಿಗೂ ಕೆಂಡಕ್ಕೂ ನಡುವೆ ಇರುವ ಒಳ್ಳೆಯ ಮುಚ್ಚಳ ಅದೇ. ವಿಂಡ್ ಕ್ಯಾಪ್ ಅದರ ಮೇಲಿನ ರಕ್ಷಣೆ ಮಾತ್ರ. ರಂಧ್ರಗಳು ತೀರ ಕಡಿಮೆಯಿರುವ ಕ್ಯಾಪ್ ಬಿಸಿಯನ್ನು ಒಳಗೇ ತಡೆಯುತ್ತದೆ, ಅಂಚಿನಲ್ಲಿ ಟಾರ್ ಕೂರಿಸುತ್ತದೆ. ಕ್ಯಾಪ್ ಇಲ್ಲದಿದ್ದರೆ ಗಾಳಿ ಬರುವ ಕಡೆಯ ಅರ್ಧ ಬಾಯಿಗೆ ಬೆರಳು ಅಡ್ಡ ಹಿಡಿದರೂ ಸಾಕು.

ಆಮೇಲಿನದು ಲಯ. ಸೆಕೆಯಲ್ಲಿ ನಾನು ನಿಮಿಷಕ್ಕೆ ಒಂದೋ ಎರಡೋ ಸಣ್ಣ ಎಳೆತಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಬೌಲನ್ನು ಕೆನ್ನೆಗೆ ತಾಗಿಸಿ ಹಿಡಿಯಲಾಗದಿದ್ದರೆ ಕೆಳಗಿಟ್ಟುಬಿಡಬೇಕು. ಆರಿದರೆ ಆರಲಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದರೆ ರುಚಿಗೆ ಕುಂದಿಲ್ಲ. 40 ಡಿಗ್ರಿಯ ಗಾಳಿಯಲ್ಲಿ ಬೌಲಿನ ಹೊರಮೈ ತಣಿಯುವುದು ನಿಧಾನ, ಬಿಸಿಲಿನ ನೇರ ಪಾತ್ರ ಇಷ್ಟೇ. ಬಾಯಿ ಒಣಗಿದ್ದರೆ ನಾಲಿಗೆಗೆ ಎಂಜಲಿನ ರಕ್ಷಣೆಯೂ ಇಲ್ಲ. ಶುರು ಮಾಡುವ ಮುಂಚೆ ಒಂದು ಲೋಟ ನೀರೋ ಮಜ್ಜಿಗೆಯೋ ಕುಡಿದು, ಪಕ್ಕದಲ್ಲಿ ಇನ್ನೊಂದು ಇಟ್ಟುಕೊಳ್ಳುತ್ತೇನೆ. ನಿಂಬೆ ಸೋಡ ಬೇಡ, ಸುಟ್ಟ ನಾಲಿಗೆಗೆ ಚುರುಕು ಮುಟ್ಟಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಬೆವರು ಸುರಿಸುತ್ತಾ ಖಾರದ ಸೊಪ್ಪು ಸೇದಿದರೆ ನಿಕೋಟಿನ್ ತಲೆಗೇರಿ ವಾಕರಿಕೆ ಬರುತ್ತದೆ. ತಣ್ಣಗೆ ಸೇದಿದರೆ ನಾಲಿಗೆ ಉಳಿಯುತ್ತದೆ, ರೋಗದ ಅಪಾಯ ಹೋಗುವುದಿಲ್ಲ. ಬಾಯಿ, ಗಂಟಲ ಕ್ಯಾನ್ಸರು ಪೈಪ್ ಸೇದುವವರಿಗೂ ಬರುತ್ತದೆ. ಸೇದುವ ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡಬೇಡಿ.

ಸೊಪ್ಪಿನ ಆಯ್ಕೆ. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಹೆಚ್ಚು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ನುಗಳಲ್ಲಿ ಬಿಸಿಗಾಳಿಯಿಂದ ಹದಮಾಡುವುದೂ ಇದೇ ಜಾತಿ. ನಿಧಾನವಾಗಿ ಸೇದಿದರೆ ಇದರಷ್ಟು ಸಿಹಿ ಬೇರೆ ಇಲ್ಲ, ಆತುರ ಮಾಡಿದರೆ ನಾಲಿಗೆಯನ್ನು ಇದರಷ್ಟು ಸುಡುವುದೂ ಇಲ್ಲ. ಗಾಳಿಯ ದಿನ ಇದನ್ನು ಫ್ಲೇಕ್ ರೂಪದಲ್ಲಿ ಮಾತ್ರ ಮುಟ್ಟುತ್ತೇನೆ. ಹೊಗೆಯಲ್ಲಿ ಹದಮಾಡಿದ ಲಟಾಕಿಯಾ ಸೊಪ್ಪು ಬೆರೆತ ಇಂಗ್ಲಿಷ್ ಮಿಶ್ರಣಗಳು ಹೊರಗಡೆಗೆ ಹೆಚ್ಚು ವಾಸಿ, ಅವುಗಳ ಹೊಗೆವಾಸನೆ ಗಾಳಿಯಲ್ಲೂ ಮೂಗಿಗೆ ಸಿಗುತ್ತದೆ. ಚೆರಿ, ವೆನಿಲ್ಲಾದಂಥ ಪರಿಮಳದ ಸೊಪ್ಪು ಬಹಳಷ್ಟು ತೇವ ಹಿಡಿದಿರುತ್ತದೆ, ಗಾಳಿಯಲ್ಲಿ ಬರೀ ಆವಿ.

ಹದ ನೋಡುವುದು ಬೆರಳಲ್ಲಿ. ಚಿಟಿಕೆ ಸೊಪ್ಪನ್ನು ಒತ್ತಿ ಬಿಟ್ಟಾಗ ನಿಧಾನವಾಗಿ ಬಿಡಿಸಿಕೊಳ್ಳಬೇಕು. ಉಂಡೆಯಾಗಿ ಉಳಿದರೆ ಹಸಿ, ಪುಡಿಯಾದರೆ ಅತಿ ಒಣ. ಬಯಲುಸೀಮೆಯ ಏಪ್ರಿಲ್‌ನಲ್ಲಿ ನೆರಳಲ್ಲಿ ಕಾಗದದ ಮೇಲೆ ಹರಡಿದರೆ ಹತ್ತು ನಿಮಿಷಕ್ಕೇ ಒಣಗಬಹುದು, ಕಣ್ಣಿಟ್ಟಿರಬೇಕು. ಮಂಗಳೂರಿನ ಜುಲೈಯಲ್ಲಿ ಒಂದು ಗಂಟೆಯಾದರೂ ಹಾಗೇ ಇರುತ್ತದೆ. ಗಾಳಿಯ ದಿನಕ್ಕೆ ಮಾಮೂಲಿಗಿಂತ ಒಂದು ಕೂದಲೆಳೆ ಹಸಿಯಿರಲಿ. ಅತಿ ಒಣಗಿದ ಸೊಪ್ಪನ್ನು ಬಟ್ಟಲಲ್ಲಿ ಹರಡಿ, ಹಿಂಡಿದ ಒದ್ದೆ ಬಟ್ಟೆಯನ್ನು ಸೊಪ್ಪಿಗೆ ತಾಗದಂತೆ ಬಾಯಿಗೆ ಕಟ್ಟಿ ಒಂದು ರಾತ್ರಿ ಬಿಟ್ಟರೆ ಹದಕ್ಕೆ ಬರುತ್ತದೆ. ಸೇಬಿನ ಸಿಪ್ಪೆ, ಆಲೂಗಡ್ಡೆ ಚೂರು ಹಾಕುವ ಪದ್ಧತಿ ನಮ್ಮ ಹವೆಗೆ ಆಗದು, ಬೂಷ್ಟು ಹಿಡಿಯುತ್ತದೆ. ರಬ್ಬರ್ ಪಟ್ಟಿಯ ಗಾಜಿನ ಜಾಡಿಯಲ್ಲಿ, ಬಿಸಿಲು ಬೀಳದ ಒಳಗೋಡೆಯ ಬೀರುವಿನ ಕೆಳಗಿನ ಅರೆಯಲ್ಲಿ ಇಡಿ.

ಪೈಪುಗಳಲ್ಲಿ ದಪ್ಪ ಗೋಡೆಯ ಬ್ರಯರ್ ಬೇಸಗೆಗೆ ಒಳ್ಳೆಯದು. ಮೆಕ್ಕೆಜೋಳದ ದಿಂಡಿನ ಕಾಬ್ ಪೈಪೂ ಹಗುರ, ತೇವ ಹೀರುತ್ತದೆ, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಊರಿನಲ್ಲಿ 1869ರಿಂದ ಮಾಡುತ್ತಿದ್ದಾರೆ. ಗಾಳಿಯಲ್ಲಿ ಸೇದಲು ನಾನು ಮೊದಲು ಕೈಹಾಕುವುದು ಅದಕ್ಕೇ. ಮೀರ್‌ಶಾಮ್ ಎಂಬ ಬಿಳಿ ಮೆದುಕಲ್ಲಿನ ಪೈಪು ಬಿಸಿ ತಾಳುತ್ತದೆ, ಆದರೆ ಅದರ ಮೇಲಿನ ಜೇನುಮೇಣ 62–64 ಡಿಗ್ರಿಗೆ ಕರಗುವುದರಿಂದ ಬೆವರುಗೈಯಲ್ಲಿ ಬಿಸಿ ಬೌಲ್ ಹಿಡಿದರೆ ಕಲೆ ಉಳಿಯುತ್ತದೆ. ಮಣ್ಣಿನ ಕ್ಲೇ ಪೈಪು ಬೇಸಗೆಗಲ್ಲ.

ಬಾಯಲ್ಲಿಡುವ ಕೊಳವೆಗೆ, ಅಂದರೆ ಗಂಧಕ ಬೆರೆಸಿದ ಗಟ್ಟಿ ರಬ್ಬರಾದ ಎಬೊನೈಟಿನ ಸ್ಟೆಮ್ಮಿಗೆ, ಬಿಸಿಲೇ ನಿಜವಾದ ಶತ್ರು. ಕಿಟಕಿಯ ಹತ್ತಿರ ಬಿಟ್ಟರೆ ಹಸಿರು ಮಿಶ್ರಿತ ಕಂದಾಗಿ ಗಂಧಕದ ಕಹಿ ರುಚಿ ಬರುತ್ತದೆ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಬಾಗಿದ ಸ್ಟೆಮ್ ಮೆತ್ತಗಾಗಿ ನೆಟ್ಟಗಾಗತೊಡಗುತ್ತದೆ. ಸೇದಿದ ಕೂಡಲೇ ಸ್ಟೆಮ್ ಕಳಚಬೇಡಿ. ಬಿಸಿಗೆ ಹಿಗ್ಗಿದ ಶ್ಯಾಂಕ್ ಸೀಳಬಹುದು. ಕೊಳವೆ ಒರೆಸುವ ತಂತಿ, ಪೈಪ್ ಕ್ಲೀನರ್, ತೂರಿಸಿ ಹಾಗೇ ಒಂದು ಗಂಟೆಯಾದರೂ ಬಿಟ್ಟು, ಆಮೇಲೆ ಕಳಚಿ ಒರೆಸಿ. ಒಂದು ಪೈಪಿಗೆ ಒಂದು ದಿನವಾದರೂ ವಿರಾಮ ಬೇಕು, ಮಳೆಗಾಲದಲ್ಲಿ ಎರಡು ದಿನ.

ಬಾಲ್ಕನಿಯಲ್ಲಿ ಸೇದುವವರು ಗಾಳಿ ಹೊಗೆಯನ್ನು ಯಾರ ಕಿಟಕಿಗೆ ಒಯ್ಯುತ್ತಿದೆ ಎಂದು ಮೊದಲು ನೋಡಿ, ಮಕ್ಕಳಿರುವ ಮನೆಯಾದರೆ ಅಂದು ಬೇಡ. ಒಣಹುಲ್ಲಿನ ಕಾಲದಲ್ಲಿ ತೋಟದಲ್ಲಿ, ಕಾಡಂಚಿನಲ್ಲಿ ಪೈಪ್ ಹಚ್ಚಲೇಬಾರದು. ಗಾಳಿಗೆ ಹಾರುವ ಒಂದು ಕಿಡಿ ಸಾಕು. ಮನೆಯ ಅಂಗಳದಲ್ಲೂ ಬೂದಿಯನ್ನು ನೆಲಕ್ಕೆ ಕೊಡವದೆ, ತಳದಲ್ಲಿ ಬೆರಳು ದಪ್ಪ ನೀರಿರುವ ತಗಡಿನ ಡಬ್ಬಿಗೆ ಕೊಡವುತ್ತೇನೆ. ಬೌಲನ್ನು ಡಬ್ಬಿಯ ಅಂಚಿಗೆ ಕುಟ್ಟಬಾರದು, ಟ್ಯಾಂಪರಿನ ಚಮಚೆಯಲ್ಲಿ ಕೆದಕಿ ಬೀಳಿಸಬೇಕು.