ಮನೆಯ ಮಿಲ್ಲಿಂಗ್ ಯಂತ್ರದಲ್ಲಿ ಅಳತೆಯ ಸಾಧನಗಳನ್ನು ಪರೀಕ್ಷಿಸಿದ ಬಗೆ: ನನ್ನ ಅನುಭವ

ಡಿಆರ್‌ಒ (ಮೇಜಿನ ಚಲನೆಯನ್ನು ಸ್ಕೇಲಿನಿಂದ ಓದಿ ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡ್‌ಔಟ್) ಪರದೆಯ ಮೇಲೆ ಅಂಕಿಗಳು 0.005 ಮಿ.ಮೀ. ಹೆಜ್ಜೆಯಲ್ಲಿ ಬದಲಾಗುತ್ತವೆ ಎಂದ ಮಾತ್ರಕ್ಕೆ ಯಂತ್ರದ ಮೇಜು ಅಷ್ಟೇ ಕರಾರುವಾಕ್ಕಾಗಿ ಸರಿದಿದೆ ಎಂದು ನಂಬಲಾಗದು. ರಾಜಾಜಿನಗರದ ನಮ್ಮ ಮನೆಯ ಪಕ್ಕದ ಶೀಟಿನ ಮಾಡಿನ ಕೆಳಗೆ ಇರಿಸಿಕೊಂಡಿರುವ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ ಡಿಆರ್‌ಒ, ವರ್ನಿಯರ್ ಮತ್ತು ಮೈಕ್ರೊಮೀಟರ್ ಒಂದೇ ಜಾಬಿಗೆ (ಕೆತ್ತುವ ಲೋಹದ ತುಂಡಿಗೆ) ಬೇರೆ ಬೇರೆ ಅಳತೆ ಹೇಳತೊಡಗಿದಾಗ, ಅವುಗಳನ್ನು ಒಂದಕ್ಕೊಂದು ಹೋಲಿಸುವುದನ್ನು ಬಿಟ್ಟು, ಎಲ್ಲವನ್ನೂ ನಂಬಿಕೆಗೆ ಅರ್ಹವಾದ ಒಂದೇ ಪ್ರಮಾಣಕ್ಕೆ ಹಿಡಿದು ನೋಡಲು ನಿರ್ಧರಿಸಿದೆ.

ಆ ಪ್ರಮಾಣವೇ ಸ್ಲಿಪ್ ಗೇಜ್, ಅಂದರೆ ಉದ್ದ ಕರಾರುವಾಕ್ಕಾಗಿ ನಿಗದಿಯಾದ ಬಿಲ್ಲೆ. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಜೊಹಾನ್ಸನ್ 1896ರಲ್ಲಿ ರೂಪಿಸಿದ ಈ ಉಕ್ಕಿನ ಬಿಲ್ಲೆಗಳ ಪೂರ್ಣ ಸೆಟ್ ಮನೆಯ ಕೆಲಸಕ್ಕೆ ಅಗತ್ಯವಿಲ್ಲ. ಆಯ್ದ ಕೆಲವು ಬಿಲ್ಲೆಗಳು ಸಾಕು. ನಾನು ಕೊಂಡವುಗಳನ್ನು ಪೀಣ್ಯದಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಒಂದು ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ (ಅಳತೆಯ ತಾಳೆ) ಮಾಡಿಸಿದೆ. ತುಮಕೂರು ರಸ್ತೆಯಲ್ಲೇ ಉತ್ಪಾದನಾ ತಂತ್ರಜ್ಞಾನದ ಸಂಶೋಧನೆ ನಡೆಸುವ ಸಿಎಂಟಿಐನಂತಹ ಸಂಸ್ಥೆ ಇರುವ ಈ ಊರಿನಲ್ಲಿ ಇಂತಹ ಸೌಲಭ್ಯ ಕೈಗೆಟುಕುವಷ್ಟು ಹತ್ತಿರವಿರುವುದು ನಮ್ಮಂತಹ ಹವ್ಯಾಸಿಗಳ ಭಾಗ್ಯವೇ ಸರಿ. ಪ್ರಮಾಣಪತ್ರದಲ್ಲಿ ಮುದ್ರೆಗಿಂತ ಮುಖ್ಯವಾದದ್ದು ಪ್ರತಿ ಬಿಲ್ಲೆಯ ಎದುರು ಬರೆದಿರುವ, ನಮೂದಿತ ಅಳತೆಗೂ ನಿಜವಾದ ಅಳತೆಗೂ ಇರುವ ವ್ಯತ್ಯಾಸ.

ಮೊದಲು ಮೈಕ್ರೊಮೀಟರನ್ನು ನೋಡಿದೆ. 5, 10, 15 ಎಂದು ದುಂಡು ಅಳತೆಗಳನ್ನಷ್ಟೇ ಪರೀಕ್ಷಿಸಿದರೆ ಥಿಂಬಲ್ (ಗೆರೆಗಳಿರುವ ತಿರುಗುವ ಹಿಡಿ) ಪ್ರತಿ ಬಾರಿಯೂ ಸೊನ್ನೆಯ ಗೆರೆಯಲ್ಲೇ ನಿಲ್ಲುವುದರಿಂದ ಸ್ಕ್ರೂ ಒಂದು ಸುತ್ತಿನೊಳಗೆ ಮಾಡುವ ತಪ್ಪು ಬಯಲಾಗುವುದಿಲ್ಲ. ಆದ್ದರಿಂದ 2.5, 5.1, 7.7, 10.3, 12.9 ಎಂಬ ಕ್ರಮದಲ್ಲಿ 25ರವರೆಗೆ ಹೋಗುವ ವಾಡಿಕೆಯನ್ನೇ ಅನುಸರಿಸಿದೆ. ಆಗ ಥಿಂಬಲ್ ಬೇರೆ ಬೇರೆ ಗೆರೆಗಳಲ್ಲಿ ನಿಲ್ಲುತ್ತದೆ. ವರ್ನಿಯರಿನಲ್ಲಿ ಒಂದೇ ಬಿಲ್ಲೆಯನ್ನು ದವಡೆಯ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಹಿಡಿದರೆ ಅದರ ಸಡಿಲ ತಿಳಿದುಬಿಡುತ್ತದೆ.

ಡಿಆರ್‌ಒ ಪರೀಕ್ಷೆಗೆ ಹೆಚ್ಚು ತಾಳ್ಮೆ ಬೇಕಾಯಿತು. ಗ್ರೈಂಡ್ ಮಾಡಿದ ಉಕ್ಕಿನ ಗಟ್ಟಿಯೊಂದನ್ನು ಮೇಜಿಗೆ ಬಿಗಿದು, ಅದಕ್ಕೆ ತಾಗಿಸಿ ಬಿಲ್ಲೆಯನ್ನಿಟ್ಟು, ತಿರುಗದಂತೆ ಹಿಡಿಸಿದ ಸ್ಪಿಂಡಲಿಗೆ (ಕಟರ್ ಹಿಡಿಯುವ ದಂಡಕ್ಕೆ) ಲಿವರ್ ಡಯಲ್ (ತುಸು ಸರಿದರೂ ಮುಳ್ಳಿನಿಂದ ತೋರಿಸುವ ಸಾಧನ) ಕಟ್ಟಿ, ಬಿಲ್ಲೆಯ ಹೊರಮುಖಕ್ಕೆ ತಾಗಿಸಿ ಡಯಲನ್ನೂ ಡಿಆರ್‌ಒವನ್ನೂ ಸೊನ್ನೆಗೆ ತಂದೆ. ಬಳಿಕ ಬಿಲ್ಲೆಯನ್ನು ತೆಗೆದು, ಗಟ್ಟಿಯ ಮುಖ ತಾಗಿ ಡಯಲ್ ಮತ್ತೆ ಸೊನ್ನೆ ತೋರಿಸುವವರೆಗೆ ಮೇಜನ್ನು ಸರಿಸಿದರೆ, ಪರದೆಯಲ್ಲಿ ಬಿಲ್ಲೆಯ ಉದ್ದವೇ ಬರಬೇಕು. ಈ ವಿಧಾನದ ಸೊಗಸು ಇರುವುದು ಇಲ್ಲಿ: ಡಯಲ್ ಎರಡೂ ಸಲ ಸೊನ್ನೆಯನ್ನು ಮಾತ್ರ ಹೇಳುವುದರಿಂದ ಅದರ ಗೆರೆಗಳಲ್ಲಿ ದೋಷವಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಎಕ್ಸ್ ಅಕ್ಷದಲ್ಲಿ, ಅಂದರೆ ಮೇಜು ಎಡ-ಬಲಕ್ಕೆ ಸರಿಯುವ ದಿಕ್ಕಿನಲ್ಲಿ, 50 ಮಿ.ಮೀ. ಬಿಲ್ಲೆಗೆ 49.995, 100ಕ್ಕೆ 99.990 ಬಂದಿತು. ವ್ಯತ್ಯಾಸ ಉದ್ದದ ಜೊತೆ ಸಮನಾಗಿ ಬೆಳೆದರೆ ಮೊದಲು ಡಿಆರ್‌ಒ ಸ್ಕೇಲನ್ನು ಯಂತ್ರಕ್ಕೆ ಕಟ್ಟಿದ ರೀತಿಯನ್ನು ಶಂಕಿಸಬೇಕು, 100 ಮಿ.ಮೀ.ಗೆ 1 ಮಿ.ಮೀ. ಓರೆಯಾದರೂ ಸುಮಾರು 5 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್) ಕಡಿಮೆ ತೋರಿಸುತ್ತದೆ. ಸ್ಕೇಲಿನ ಮೈಯುದ್ದಕ್ಕೂ ಡಯಲ್ ಓಡಿಸಿ ಓರೆಯನ್ನು ತಿದ್ದಿ, ಉಳಿದ ವ್ಯತ್ಯಾಸವನ್ನು ಡಿಆರ್‌ಒದ ಉದ್ದಕ್ಕೆ ತಕ್ಕಂತೆ ಅಂಕಿಯನ್ನು ತಿದ್ದುವ ಲೀನಿಯರ್ ಕಾಂಪೆನ್ಸೇಷನ್‌ನಲ್ಲಿ ತುಂಬಿದೆ.

ವೈ ಅಕ್ಷದ (ಮೇಜು ಹಿಂದೆ-ಮುಂದೆ ಸರಿಯುವ ದಿಕ್ಕಿನ) ಕಥೆಯೇ ಬೇರೆ. ಗಟ್ಟಿಯನ್ನು ಮೇಜಿನ ನಡುವೆ ಬಿಗಿದಾಗ ಒಂದು ಅಂಕಿ, ಎಡತುದಿಯಲ್ಲಿ ಬಿಗಿದಾಗ ಇನ್ನೊಂದು. ಇದನ್ನು ಯಾವ ಕಾಂಪೆನ್ಸೇಷನ್ನೂ ಸರಿಪಡಿಸದು, ಏಕೆಂದರೆ ಇಲ್ಲಿ ತಪ್ಪಿರುವುದು ಸ್ಕೇಲಲ್ಲ, ಸರಿಯುವಾಗ ತುಸು ತಿರುಗುವ ಸ್ಯಾಡಲ್, ಅಂದರೆ ಮೇಜನ್ನು ಹೊತ್ತ ಭಾಗ. ಅಳೆಯುವ ಗೆರೆ ಮತ್ತು ಸ್ಕೇಲಿನ ಗೆರೆ ಒಂದೇ ನೇರದಲ್ಲಿರಬೇಕೆಂದು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ ತತ್ವ ನನಗೆ ಅಂದು ಕೈಯಾರೆ ಮನವರಿಕೆಯಾಯಿತು: ಮೀಟರಿಗೆ 0.05 ಮಿ.ಮೀ.ನಷ್ಟು ತಿರುವಿದ್ದರೂ, ಸ್ಕೇಲಿನಿಂದ 200 ಮಿ.ಮೀ. ದೂರದ ಜಾಬಿನಲ್ಲಿ 10 ಮೈಕ್ರಾನ್ ತಪ್ಪು ಸೇರುತ್ತದೆ. ಗಿಬ್ಬನ್ನು (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿಯನ್ನು) ಹ್ಯಾಂಡಲ್ ಕೊಂಚ ಬಿಗಿಯೆನಿಸುವವರೆಗೆ ಬಿಗಿದು, ಓದುವ ಮೊದಲು ಎಕ್ಸ್ ಅಕ್ಷವನ್ನು ಲಾಕ್ ಮಾಡಿದ ಮೇಲೆ ಎರಡು ಜಾಗದ ಅಂಕಿಗಳು ಹತ್ತಿರ ಬಂದವು.

ಉಷ್ಣಾಂಶವನ್ನು ಬಿಟ್ಟರೆ ಈ ಶ್ರಮವೆಲ್ಲ ವ್ಯರ್ಥ. ಸ್ಲಿಪ್ ಗೇಜಿನ ಅಳತೆ ನಿಗದಿಯಾಗಿರುವುದು 20 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ 30 ಡಿಗ್ರಿ ದಾಟುವಾಗ 100 ಮಿ.ಮೀ. ಉಕ್ಕು ಸುಮಾರು 11 ಮೈಕ್ರಾನ್ ಹಿಗ್ಗಿರುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ಆದ್ದರಿಂದ ಬಿಲ್ಲೆಗಳನ್ನು ರಾತ್ರಿಯೇ ಮೇಜಿನ ಮೇಲಿಟ್ಟು, ಬೆಳಗಿನ ತಂಪಿನಲ್ಲಿ, ಮೋಟಾರು ಚಾಲೂ ಮಾಡುವ ಮೊದಲೇ ಪರೀಕ್ಷೆ ಮುಗಿಸುತ್ತೇನೆ. ಬಿಲ್ಲೆಗಳನ್ನು ಬಟ್ಟೆಯಿಂದಲೇ ಹಿಡಿಯುತ್ತೇನೆ. ಬಿಲ್ಲೆಗಳೂ ಉಕ್ಕಿನವೇ ಆದ್ದರಿಂದ ಉಕ್ಕಿನ ಜಾಬಿನಲ್ಲಿ ಹಿಗ್ಗುವಿಕೆ ಬಹುಪಾಲು ಪರಸ್ಪರ ಸರಿದೂಗುತ್ತದೆ. ಅಲ್ಯೂಮಿನಿಯಂ ಜಾಬಾದರೆ ಕಟಿಂಗ್ ಮುಗಿದು ಬಿಸಿ ಪೂರ್ತಿ ಆರಿದ ಮೇಲಷ್ಟೇ ಕೊನೆಯ ಅಳತೆ ತೆಗೆಯುತ್ತೇನೆ, ಮತ್ತು ಅಂದಿನ ಉಷ್ಣಾಂಶವನ್ನು ಅಳತೆಯ ಪಕ್ಕದಲ್ಲೇ ಪುಸ್ತಕದಲ್ಲಿ ಬರೆದಿಡುತ್ತೇನೆ.