ಕಾಂಟ್ಯಾಕ್ಟ್ ಲೆನ್ಸ್ ಆರಿಸುವ ಮುನ್ನ: ಸಿಲಿಂಡರ್ ಕಾರ್ನಿಯಾದ್ದೋ, ಒಳಗಿನದೋ?

ಕನ್ನಡಕದ ಚೀಟಿಯಲ್ಲಿ −1.50 ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ, ಅಂದರೆ ಎರಡು ದಿಕ್ಕಿನಲ್ಲಿ ಕಣ್ಣಿನ ಶಕ್ತಿ ಬೇರೆಯಾಗಿರುವ ದೋಷದ ಅಳತೆ) ಕಂಡ ಕೂಡಲೇ ಟಾರಿಕ್ ಲೆನ್ಸ್ (ಅದನ್ನು ತಿದ್ದಲು ಎರಡು ದಿಕ್ಕಿಗೆ ಬೇರೆ ಶಕ್ತಿಯಿರುವ ಲೆನ್ಸ್) ತರಿಸಬೇಡಿ. ಆ ಅಂಕಿ ಇಡೀ ಕಣ್ಣಿನ ಲೆಕ್ಕ. ಅದರಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಪಾಲೆಷ್ಟು, ಕಣ್ಣೊಳಗಿನ ಮಸೂರದ ಪಾಲೆಷ್ಟು ಎಂಬುದು ಗೊತ್ತಾಗದೆ ಲೆನ್ಸ್ ಆಯ್ಕೆ ಸರಿಬರುವುದಿಲ್ಲ. 1801ರಲ್ಲಿ ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ ತನ್ನ ಕಣ್ಣನ್ನು ನೀರಿನೊಂದಿಗೆ ಸೇರಿಸಿ ಕಾರ್ನಿಯಾದ ಶಕ್ತಿಯನ್ನೇ ಅಳಿಸಿ ನೋಡಿದ. ಅಸ್ಟಿಗ್ಮ್ಯಾಟಿಸಂ ಹಾಗೇ ಉಳಿದಿತ್ತು. ಅಂದರೆ ಅವನದು ಒಳಗಿನದು. ಗಟ್ಟಿ ಲೆನ್ಸಿನ ಅಡಿಯ ಕಣ್ಣೀರು ಇವತ್ತಿಗೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ.

ಮೊದಲು ಕೆರಟೋಮೀಟರ್, ಅಂದರೆ ಕಾರ್ನಿಯಾದ ಬಾಗನ್ನು ಅಳೆಯುವ ಉಪಕರಣ. ಹಳೆಯ ಲೆನ್ಸ್ ಹಾಕುತ್ತಿದ್ದವರಾದರೆ ಅದನ್ನು ಬಿಡಿಸಿ, ಕೆಲವು ದಿನಗಳ ಅಂತರದ ಎರಡು ರೀಡಿಂಗ್ ಹೊಂದುವವರೆಗೆ ಕಾಯಿರಿ. ಆರ್‌ಜಿಪಿ (ಆಮ್ಲಜನಕ ಹಾಯುವ ಗಟ್ಟಿ ಲೆನ್ಸ್) ಹಾಕಿದವರಲ್ಲಿ ಇದಕ್ಕೆ ವಾರಗಳೇ ಬೇಕಾಗಬಹುದು. ಮಿಲಿಮೀಟರನ್ನು ಡಯಾಪ್ಟರಿಗೆ (ಶಕ್ತಿಯ ಮಾನಕ್ಕೆ) ತಿರುಗಿಸಲು 337.5ನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿ: 7.50 ಮಿ.ಮೀ. ಅಂದರೆ 45.00 ಡಯಾಪ್ಟರ್. 0.05 ಮಿ.ಮೀ. ವ್ಯತ್ಯಾಸಕ್ಕೆ ಸುಮಾರು 0.25 ಡಯಾಪ್ಟರ್ ಎಂದು ಬಾಯಿಲೆಕ್ಕ ಇಟ್ಟುಕೊಳ್ಳಬಹುದು.

ಇನ್ನು ದಿಕ್ಕು. ಅಡ್ಡ ಮಲಗಿಸಿದ ಮೊಟ್ಟೆಯ ಹಾಗೆ ಮೇಲೆ-ಕೆಳಗಿನ ಬಾಗು ಕಡಿದಾಗಿದ್ದರೆ ‘ವಿತ್ ದಿ ರೂಲ್’. ಮೈನಸ್ ಸಿಲಿಂಡರಿನ ಆಕ್ಸಿಸ್ (ಸಿಲಿಂಡರ್ ನಿಲ್ಲುವ ಕೋನ, ಚೀಟಿಯಲ್ಲಿ × ಆದ ಮೇಲಿನ ಅಂಕಿ) 180ರ ಆಚೀಚೆ 30 ಡಿಗ್ರಿಯೊಳಗೆ ಬರುತ್ತದೆ. ಮೊಟ್ಟೆಯನ್ನು ನಿಲ್ಲಿಸಿದಂತೆ ಅಡ್ಡ ದಿಕ್ಕು ಕಡಿದಾಗಿದ್ದರೆ ‘ಅಗೇನ್‌ಸ್ಟ್ ದಿ ರೂಲ್’, ಆಕ್ಸಿಸ್ 90ರ ಹತ್ತಿರ. ಎರಡಕ್ಕೂ ಸೇರದ್ದು ಓರೆ. ಮೊದಲನೆಯದು ಎಳೆಯರಲ್ಲಿ ಹೆಚ್ಚು, ವಯಸ್ಸಾದಂತೆ ಎರಡನೆಯದರ ಕಡೆಗೆ ವಾಲುತ್ತದೆ.

ಈಗ ಕೆ ರೀಡಿಂಗ್ (ಕೆರಟೋಮೀಟರಿನ ಅಳತೆ) ಮತ್ತು ಕನ್ನಡಕದ ನಂಬರನ್ನು ಅಕ್ಕಪಕ್ಕ ಬರೆಯಿರಿ. ನಂಬರ್ 4.00 ಡಯಾಪ್ಟರಿಗಿಂತ ಹೆಚ್ಚಿದ್ದರೆ ಮೊದಲು ವರ್ಟೆಕ್ಸ್ ತಿದ್ದುಪಡಿ (ಕನ್ನಡಕ ಕಣ್ಣಿನಿಂದ ದೂರ ಕೂರುವುದರಿಂದ ಬರುವ ವ್ಯತ್ಯಾಸದ ಲೆಕ್ಕ) ಮಾಡಿ. ಅಡ್ಡಕ್ಕೆ 43.00, ಲಂಬಕ್ಕೆ 44.50 ಇರುವ ಕಾರ್ನಿಯಾ ತೆಗೆದುಕೊಳ್ಳೋಣ. ಕಾರ್ನಿಯಾದ ಪಾಲು −1.50 × 180.

ಕನ್ನಡಕವೂ −2.00 / −1.50 × 180 ಇದ್ದರೆ ಎಲ್ಲವೂ ಕಾರ್ನಿಯಾದ್ದೇ. ಗೋಳಾಕಾರದ ಆರ್‌ಜಿಪಿ ಸಾಕು, ಸಿಲಿಂಡರನ್ನು ಕಣ್ಣೀರು ತುಂಬಿಕೊಡುತ್ತದೆ. ಚಪ್ಪಟೆ ದಿಕ್ಕಿಗೆ (43.00 ಅಂದರೆ 7.85 ಮಿ.ಮೀ.) ಸರಿಯಾಗಿ 7.85 ತ್ರಿಜ್ಯದ ಲೆನ್ಸ್ ಕೂರಿಸಿದರೆ ಪವರ್ −2.00, 7.80 ಕೂರಿಸಿದರೆ ಲೆನ್ಸ್ ಕಡಿದಾಯಿತು, ಕಣ್ಣೀರು +0.25 ಆಯಿತು, ಪವರ್ −2.25 ಬೇಕು.

ಅದೇ ಕಾರ್ನಿಯಾ, ಆದರೆ ಕನ್ನಡಕದಲ್ಲಿ ಬರೀ −0.50 × 180? ಒಳಗಿನ ಮಸೂರ ಕಾರ್ನಿಯಾಕ್ಕೆ ಎದುರಾಗಿ ನಿಂತು ಸರಿದೂಗಿಸುತ್ತಿದೆ. ಇಲ್ಲಿ ಆರ್‌ಜಿಪಿ ಹಾಕಿದರೆ ಆ ಹೊಂದಾಣಿಕೆ ಕೆಟ್ಟು −1.00 × 90 ಉಳಿಯುತ್ತದೆ, ‘ಲೆನ್ಸ್ ಗಟ್ಟಿಯಾದರೂ ಮಸುಕು’ ಎಂಬ ದೂರು ಬರುತ್ತದೆ. ಸಾಧಾರಣ ಸಾಫ್ಟ್ ಲೆನ್ಸೇ ಮೇಲು. ಕೆ ರೀಡಿಂಗ್ ಎರಡೂ ಕಡೆ 43.50 ಇದ್ದು ಕನ್ನಡಕದಲ್ಲಿ −1.75 × 90 ಬಂದರೆ ಆ ಸಿಲಿಂಡರ್ ಒಳಗಿನದು. ಸಾಫ್ಟ್ ಟಾರಿಕ್ ನೇರ ದಾರಿ. ಸಾಫ್ಟ್ ಲೆನ್ಸ್ ದಪ್ಪಗಿದ್ದರೆ ಸಿಲಿಂಡರ್ ಮುಚ್ಚಿಹೋಗುತ್ತದೆ ಎಂಬುದನ್ನು ನೆಚ್ಚಬೇಡಿ. ಅದು ಕಾರ್ನಿಯಾದ ಆಕಾರಕ್ಕೇ ಅಂಟಿಕೊಳ್ಳುತ್ತದೆ.

ಕಾರ್ನಿಯಾದ ಪಾಲು 2.50–3.00 ದಾಟಿದರೆ ಗೋಳಾಕಾರದ ಆರ್‌ಜಿಪಿ ತೂಗಾಡುತ್ತದೆ. ಕಣ್ಣೀರನ್ನು ಹಸಿರಾಗಿ ಹೊಳೆಯಿಸುವ ಫ್ಲೋರೆಸಿನ್ ಬಣ್ಣ ಹಾಕಿ ನೋಡಿ: ವಿತ್ ದಿ ರೂಲ್ ಕಣ್ಣಲ್ಲಿ ಅಡ್ಡಲಾಗಿ ಕಪ್ಪು ಪಟ್ಟಿ, ಮೇಲೆ-ಕೆಳಗೆ ಹಸಿರು ಮಡು. ಅಲ್ಲಿಗೆ ಬೈಟಾರಿಕ್ (ಮುಂದೆ-ಹಿಂದೆ ಎರಡೂ ಮೇಲ್ಮೈ ಟಾರಿಕ್ ಇರುವ ಲೆನ್ಸ್) ಬೇಕು. ಹಿಂಬದಿ ಮಾತ್ರ ಟಾರಿಕ್ ಮಾಡಿಸಿದರೆ ಆ ಮೇಲ್ಮೈಯೇ ಹೊಸ ಸಿಲಿಂಡರ್ ಹುಟ್ಟಿಸುತ್ತದೆ. ಕಡಿಮೆ ಟಾರಿಸಿಟಿಯಲ್ಲೂ ಅನಿರೀಕ್ಷಿತ ಸಿಲಿಂಡರ್ ಬಂದರೆ ಲೆನ್ಸ್ ಹಾಕಿದ ಮೇಲೇ ಕೆರಟೋಮೀಟರ್ ಇಡಿ. ಅಲ್ಲಿ ಎರಡು ದಿಕ್ಕಿನ ಅಳತೆ ಬೇರೆ ಬಂದರೆ ಲೆನ್ಸ್ ಬಾಗುತ್ತಿದೆ: ಮಧ್ಯದ ದಪ್ಪ ಹೆಚ್ಚಿಸಿ, ಇಲ್ಲವೇ ಸ್ವಲ್ಪ ಚಪ್ಪಟೆಯಾಗಿ ಕೂರಿಸಿ.

ಸಾಫ್ಟ್ ಟಾರಿಕ್ಕಿನಲ್ಲಿ ಎಲ್ಲವೂ ತಿರುಗುವಿಕೆಯ ವಿಚಾರ. 10 ಡಿಗ್ರಿ ತಪ್ಪಿದರೆ ಸಿಲಿಂಡರಿನ ಮೂರನೇ ಒಂದು ಪಾಲು ಉಳಿಯುತ್ತದೆ, 30 ಡಿಗ್ರಿಗೆ ಪೂರ್ತಿ ಸಿಲಿಂಡರಿನಷ್ಟೇ. ಆದ್ದರಿಂದ −0.75ಕ್ಕೆ ಸಹಿಸಬಹುದಾದ ತಪ್ಪು −2.25ಕ್ಕೆ ಸಹಿಸಲಾಗದು. ಟ್ರಯಲ್ ಲೆನ್ಸ್ ಹಾಕಿ 10–15 ನಿಮಿಷ ಬಿಡಿ. ನಂತರ ಸ್ಲಿಟ್ ಲ್ಯಾಂಪಿನ ತೆಳು ಬೆಳಕನ್ನು ತಿರುಗಿಸಿ ಕೆಳಗಿನ ಗುರುತಿಗೆ ಹೊಂದಿಸಿ ಡಿಗ್ರಿ ಓದಿ. ಗುರುತು ನಿಮ್ಮ ಎಡಕ್ಕೆ ಸರಿದಿದ್ದರೆ ಆಕ್ಸಿಸ್‌ಗೆ ಕೂಡಿಸಿ, ಬಲಕ್ಕಾದರೆ ಕಳೆಯಿರಿ. ಆಕ್ಸಿಸ್ 180, ಎಡಕ್ಕೆ 10 ಅಂದರೆ ತರಿಸಬೇಕಾದ್ದು 10. ರೋಗಿಯ ಎಡಬಲ ಹಿಡಿದು ಲೆಕ್ಕ ಹಾಕಿದರೆ ತಪ್ಪು ಇಮ್ಮಡಿಯಾಗುತ್ತದೆ. ಈ ಸೂತ್ರ ಸ್ಥಿರವಾಗಿ ಒಂದೇ ಕಡೆ ನಿಲ್ಲುವ ಲೆನ್ಸಿಗೆ ಮಾತ್ರ. ಪ್ರತಿ ರೆಪ್ಪೆಬಡಿತಕ್ಕೆ ಗುರುತು ಓಡಾಡುತ್ತಿದ್ದರೆ ಫಿಟ್ಟಿಂಗ್ ಅಥವಾ ಲೆನ್ಸಿನ ವಿನ್ಯಾಸವನ್ನೇ ಬದಲಿಸಿ; ಓರೆ ಆಕ್ಸಿಸ್‌ಗಳು ಇಲ್ಲಿ ಹೆಚ್ಚು ಕಾಡುತ್ತವೆ.

ಕೆರಟೋಮೀಟರಿನ ವೃತ್ತಗಳೇ ಸೊಟ್ಟಗೆ ಕಂಡರೆ? ಮೊದಲು ರೆಪ್ಪೆ ಬಡಿಯಲು ಹೇಳಿ, ಕೃತಕ ಕಣ್ಣೀರಿನ ಹನಿ ಹಾಕಿ, ತಿಳಿಯಾದರೆ ಒಣಕಣ್ಣು. ಹಾಗೇ ಉಳಿದರೆ, ಕಡಿದಾದ ಮತ್ತು ಚಪ್ಪಟೆ ದಿಕ್ಕುಗಳು ಪರಸ್ಪರ 90 ಡಿಗ್ರಿಗೆ ನಿಲ್ಲದಿದ್ದರೆ, ಅದು ಅನಿಯತ ಅಸ್ಟಿಗ್ಮ್ಯಾಟಿಸಂ: ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ), ಗಾಯದ ಕಲೆ, ಕಾರ್ನಿಯಾ ಕಸಿ ಅಥವಾ ಕಾರ್ನಿಯಾದ ಮೇಲೆ ಪೊರೆ ಬೆಳೆದ ಟೆರಿಜಿಯಂ. ಅಲರ್ಜಿಯಿಂದ ಕಣ್ಣುಜ್ಜುವ ಹುಡುಗರಲ್ಲಿ ಕೆರಟೋಕೋನಸ್ಸನ್ನು ಮೊದಲೇ ಅನುಮಾನಿಸಿ. ಕೆರಟೋಮೀಟರ್ ನಡುವಿನ ಸುಮಾರು 3 ಮಿ.ಮೀ.ಯನ್ನಷ್ಟೇ ನೋಡುವುದರಿಂದ ಟೊಪೋಗ್ರಫಿ (ಇಡೀ ಕಾರ್ನಿಯಾದ ಬಾಗಿನ ನಕ್ಷೆ) ಮಾಡಿಸಲೇಬೇಕು. ರೀಡಿಂಗ್ 52 ಡಯಾಪ್ಟರ್ ದಾಟಿ ಉಪಕರಣ ನಿಂತರೆ ಅದರ ಮುಂದೆ +1.25 ಲೆನ್ಸ್ ಅಂಟಿಸಿ, 61ರವರೆಗೆ ಓದಬಹುದು. ಇಂಥ ಕಣ್ಣಿಗೆ ಸಾಫ್ಟ್ ಟಾರಿಕ್ ಹಾಕಿ ಆಕ್ಸಿಸ್ ಹುಡುಕುತ್ತ ಕೂರಬೇಡಿ, ಆರ್‌ಜಿಪಿ ಅಥವಾ ಸ್ಕ್ಲೀರಲ್ (ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಗಟ್ಟಿ ಲೆನ್ಸ್) ಟ್ರಯಲ್ ತೆಗೆಯಿರಿ.