ಕಿವಿಗೆ ಒಂದೇ, ಕಡತಕ್ಕೆ ಬೇರೆ

ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿ ಕಾಗುಣಿತವನ್ನು ಬಿಟ್ಟು ಧ್ವನಿಯನ್ನಷ್ಟೇ ಹಿಡಿಯುತ್ತದೆ. ಅದರ ವೇಗಕ್ಕೆ ಕಾರಣವೂ ಅದೇ, ಸಿವಿಲ್ ವಕೀಲರೊಬ್ಬರ ಕಚೇರಿಯಲ್ಲಿ ಇಂಗ್ಲಿಷ್ ಉಕ್ತಲೇಖನ ತೆಗೆದುಕೊಳ್ಳುವ ನನಗೆ ಎದುರಾದ ತೊಡಕಿಗೆ ಕಾರಣವೂ ಅದೇ.

ಒಮ್ಮೆ ದಾವೆ ನಡೆಯುತ್ತಿರುವಾಗಲೇ ವಾದಿ ತೀರಿಕೊಂಡರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 22ರ ಅಡಿ ಅವರ ವಾರಸುದಾರರನ್ನು ಸೇರಿಸಲು ಅರ್ಜಿ ಸಿದ್ಧವಾಗಬೇಕಿತ್ತು. ಮೃತರನ್ನು ಸೂಚಿಸುವ ‘ಡಿಸೀಸ್ಡ್’ ಎಂಬ ಪದದ ಬದಲು ರೋಗಗ್ರಸ್ತರನ್ನು ಸೂಚಿಸುವ ‘ಡಿಸೀಝ್ಡ್’ ಎಂಬುದನ್ನು ನಾನು ಬೆರಳಚ್ಚು ಮಾಡಿದ್ದೆ. ನಮ್ಮ ನಾಲಿಗೆಯಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ. ಶೀಘ್ರಲಿಪಿಯಲ್ಲಿಯೂ ಪದದ ನಡುವಿನ ಮತ್ತು ಕೊನೆಯ ‘ಸ್’, ‘ಝ್’ ಎರಡಕ್ಕೂ ಒಂದೇ ಸಣ್ಣ ವೃತ್ತವಿದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರು ಕೆಂಪು ಗೆರೆ ಎಳೆಯಲಿಲ್ಲ. ಸಹಿಗೆ ಮುನ್ನ ವಕೀಲರು ತಿದ್ದಿಸಿದರು. ಆದರೆ ಅಷ್ಟರಲ್ಲಿ ಮೃತರ ಮಗ ಆ ಪುಟವನ್ನು ಓದಿದ್ದರು ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ಪದಪಟ್ಟಿಗಳನ್ನು ಬಾಯಿಪಾಠ ಮಾಡಿದೆ, ಫಲ ಸಿಗಲಿಲ್ಲ. ಎರಡು ಪದಗಳ ಕಾಗುಣಿತವೂ ನನಗೆ ಗೊತ್ತಿತ್ತು, ಅರ್ಥವನ್ನು ಆರಿಸುವ ಮೊದಲೇ ಕೈ ಬರೆದುಬಿಡುತ್ತಿತ್ತು. ಕೊನೆಗೆ ದಾರಿ ತೋರಿದ್ದು ಕನ್ನಡ. ಇಂಗ್ಲಿಷಿನಲ್ಲಿ ಒಂದೇ ರೀತಿ ಕೇಳುವ ಪದಗಳಿಗೆ ಕನ್ನಡದಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಪದಗಳಿರುವುದರಿಂದ, ಉಕ್ತಲೇಖನದ ವೇಳೆಯಲ್ಲೇ ಆ ಪದದ ಶೀಘ್ರಲಿಪಿ ರೇಖೆಯ ಮೇಲೆ ಒಂದು ಕನ್ನಡ ಅಕ್ಷರ ಇಡತೊಡಗಿದೆ. ‘ಪ್ರಿನ್ಸಿಪಲ್’ ಎಂದು ಕೇಳಿದಾಗ ಸಾಲದ ಅಸಲಾದರೆ ‘ಅ’, ತತ್ವವಾದರೆ ‘ತ’. ಅಸಲಿನದು ಪಿ, ಎ, ಎಲ್ ಎಂದು ಮುಗಿದರೆ ತತ್ವದ್ದು ಪಿ, ಎಲ್, ಇ ಎಂದು ಮುಗಿಯುತ್ತದೆ. ‘ಸೈಟ್’ ನಿವೇಶನವಾದರೆ ‘ನಿ’, ತೀರ್ಪಿನ ಉಲ್ಲೇಖವಾದರೆ ‘ಉ’. ‘ಕೌನ್ಸಿಲ್’ ಪರಿಷತ್ತಾದರೆ ‘ಪ’, ವಕೀಲರಾದರೆ ‘ವ’.

ಈ ಉಪಾಯ ಸೋಲುವ ಜಾಗವೂ ಇದೆ. ‘ಅಫೆಕ್ಟ್’, ‘ಎಫೆಕ್ಟ್’ ಎರಡನ್ನೂ ನಾವು ಪರಿಣಾಮವೆಂದೇ ಗ್ರಹಿಸುತ್ತೇವೆ. ‘ಎಫೆಕ್ಟ್’ ಕ್ರಿಯಾಪದವಾಗುವುದಿಲ್ಲ ಎಂದು ಹಲವರು ಹೇಳುವುದು ತಪ್ಪು. ಪಾಲುವಿಭಾಗದ ಪತ್ರದಲ್ಲಿ ‘ಎಫೆಕ್ಟ್’ ಎಂದರೆ ವಿಭಾಗವನ್ನು ಜಾರಿಗೆ ತರುವುದು, ‘ಅಫೆಕ್ಟ್’ ಎಂದರೆ ಆದ ವಿಭಾಗಕ್ಕೆ ಬಾಧೆ ತರುವುದು. ಎರಡೂ ವ್ಯಾಕರಣಕ್ಕೆ ಒಪ್ಪುತ್ತವೆ, ಆದರೆ ಅಣ್ಣತಮ್ಮಂದಿರ ಜಮೀನಿನ ಗತಿ ಬದಲಾಗುತ್ತದೆ. ಇಲ್ಲಿ ನಾನು ಊಹಿಸುವುದಿಲ್ಲ. ಉಕ್ತಲೇಖನವನ್ನು ತಡೆದು, “ಸರ್, ವಿಭಾಗ ಮಾಡುವುದೋ, ವಿಭಾಗಕ್ಕೆ ತೊಂದರೆಯೋ?” ಎಂದು ಕನ್ನಡದಲ್ಲೇ ಕೇಳುತ್ತೇನೆ. ಅವರು ಒಮ್ಮೆಯೂ ಬೇಸರಿಸಿಕೊಂಡಿಲ್ಲ.

ಕರಡನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಹೋಲಿಸುವುದು ನಮ್ಮ ಕಚೇರಿಯ ರೂಢಿ. ಅಂಕಿಗಳಿಗೆ, ಸರ್ವೆ ನಂಬರುಗಳಿಗೆ ಅದು ಬಹಳ ಒಳ್ಳೆಯದು. ಈ ಪದಗಳ ತಪ್ಪು ಮಾತ್ರ ಕಿವಿಗೆ ಸಿಗುವುದಿಲ್ಲ. ಆದ್ದರಿಂದ ಹೋಲಿಕೆ ಮುಗಿದ ಮೇಲೆ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು, ಕನ್ನಡ ಅಕ್ಷರವಿರುವ ರೇಖೆಗಳನ್ನಷ್ಟೇ ಹುಡುಕಿ, ಮೌನವಾಗಿ ಇನ್ನೊಮ್ಮೆ ನೋಡುತ್ತೇನೆ.